ಹಿಂಬಾಗಿಲಿಗೆ ಬರುವ ಶಾಲೆ

ಠಾಣೆ ನಗರದ ಕೈಗಾರಿಕಾ ಪ್ರದೇಶ ವಾಗ್ಳೆ ಎಸ್ಟೇಟಿನಲ್ಲಿ ಒಂದು ಹೋಟೆಲಿನ ಶಟರ್ ಇನ್ನೂ ಅರ್ಧಕ್ಕೆ ನಿಂತಿದೆ. ಒಳಗೆ ಮೇಜಿನ ಮೇಲಿಂದ ಕುರ್ಚಿ ಇಳಿಸುವ ಸದ್ದು. ಪುಷ್ಪಾವತಿ ಆ ಕಡೆ ನೋಡದೆ ಪಕ್ಕದ ಗಲ್ಲಿಗೆ ತಿರುಗುತ್ತಾರೆ. ಹಾಲಿನ ಕ್ರೇಟು, ಗ್ಯಾಸ್ ಸಿಲಿಂಡರ್, ತೆಂಗಿನ ಸಿಪ್ಪೆಯ ಗುಡ್ಡೆ. ಇವನ್ನೆಲ್ಲ ದಾಟಿ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅಡುಗೆಮನೆಯ ಹಿಂಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ಗ್ರೈಂಡರ್ ಗುಡುಗುತ್ತಿದೆ. ಕೂಗಿದರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತು. ಹೊಸ್ತಿಲಲ್ಲಿ ನೆರಳು ಬಿದ್ದರೆ ಸಾಕು, ಒಳಗಿದ್ದ ಯಾರಾದರೊಬ್ಬರು ತಲೆಯೆತ್ತುತ್ತಾರೆ.

"ಕಮಲಾಕ್ಷಣ್ಣ, ಶಾಲೆಯವರು!"

ದೋಸೆ ಕಾವಲಿಯ ಮುಂದೆ ನಿಂತಿದ್ದ ಕಮಲಾಕ್ಷ ಟವೆಲಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. ಕಾಪುವಿನ ಕಡೆಯವರು. ಮಗಳು ಸೌಜನ್ಯ ಏಳನೇ ತರಗತಿಯಲ್ಲಿದ್ದಾಳೆ. ಬಾಗಿಲಿಗೆ ಬರುವಷ್ಟರಲ್ಲೇ ಅವರ ಮುಖ ಬಿಗಿದುಕೊಂಡಿದೆ.

"ಎಂತ ಮಾಡಿದಳು?"

"ಎಂತದೂ ಮಾಡ್ಲಿಲ್ಲ ಮಾರಾಯ್ರೆ" ಎಂದು ಪುಷ್ಪಾವತಿ ನಗುತ್ತಾರೆ. "ನಿನ್ನೆ ನಿಮ್ಮ ಮಗಳು ಇಡೀ ಕ್ಲಾಸಿಗೆ ಲೆಕ್ಕ ಹೇಳಿಕೊಟ್ಟಳು. ಟೀಚರ್ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ್ರು. ಇವಳು ಬೋರ್ಡಿನ ಹತ್ರ. ಅದನ್ನು ಹೇಳ್ಲಿಕ್ಕೆ ಬಂದದ್ದು."

"ನಮ್ಮ ಸೌಜನ್ಯ? ಅವಳು ಮನೆಯಲ್ಲಿ ಬಾಯೇ ಬಿಡುವುದಿಲ್ಲ."

"ಶಾಲೆಯಲ್ಲಿ ಬಿಟ್ಟಿದ್ದಾಳೆ. ಇವತ್ತು ಮೂರೂಕಾಲಿಗೆ ಸಭೆ ಉಂಟು. ಊಟದ ರಶ್ ಮುಗಿದಿರ್ತದೆ. ಬನ್ನಿ."

"ನೋಡುವ."

"ನೋಡುವ ಅಂದ್ರೆ ಬರುವುದಿಲ್ಲ ಅಂತ ಅರ್ಥ. ನಾನೂ ಊರಿನವಳೇ ಅಲ್ವಾ?"

ಕಮಲಾಕ್ಷ ನಗುವುದೋ ಬೇಡವೋ ಎಂಬಂತೆ ನಿಂತು ಮತ್ತೆ ಕಾವಲಿಯತ್ತ ಹೋಗುತ್ತಾರೆ. ಯಾರೋ ಪುಷ್ಪಾವತಿಯ ಕೈಗೆ ಸ್ಟೀಲ್ ಲೋಟದಲ್ಲಿ ಚಾ ಇಡುತ್ತಾರೆ. ನಿಂತಲ್ಲೇ ಕುಡಿದು, ಲೋಟವನ್ನು ತಾವೇ ನಲ್ಲಿಯ ಕೆಳಗೆ ತೊಳೆದಿಟ್ಟು, ಅವರು ಮುಂದಿನ ಗಲ್ಲಿಗೆ ಹೊರಡುತ್ತಾರೆ. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಇನ್ನೂ ಎರಡು ಹೋಟೆಲು, ಒಂದು ಕಾರ್ಖಾನೆಯ ಗೇಟು, ಕಿಸನ್ ನಗರದ ಮೂರ್ನಾಲ್ಕು ಮನೆ ಆಗಬೇಕು.

ಪುಷ್ಪಾವತಿ ಆ ಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯ ಆಯಾ. ಕಸ ಗುಡಿಸುವುದು, ನೀರು ತುಂಬಿಸುವುದು, ಗಂಟೆ ಬಾರಿಸುವುದು, ಬಿದ್ದು ಮೊಣಕಾಲು ತರಚಿಕೊಂಡ ಮಕ್ಕಳಿಗೆ ಔಷಧಿ ಹಚ್ಚುವುದು ಅವರ ಪಗಾರದ ಕೆಲಸ. ಬೆಳಗಿನ ಈ ಸುತ್ತು ಪಗಾರದಲ್ಲಿ ಸೇರಿಲ್ಲ. ಐದು, ಆರು, ಏಳನೇ ತರಗತಿಯ ಮಕ್ಕಳ ಮನೆಗಳಿಗೆ ಶಾಲೆಯ ಸುದ್ದಿ ಮುಟ್ಟಿಸುವುದು, ಮನೆಗಳ ಸುದ್ದಿ ಶಾಲೆಗೆ ತರುವುದು ಹೇಗೋ ಅವರ ಪಾಲಿಗೆ ಬಂದು, ಅಲ್ಲೇ ಉಳಿದಿದೆ.

ಆ ಮೂರು ತರಗತಿಗಳೇ ಯಾಕೆ ಎಂದರೆ ಅವರು ಹೇಳುತ್ತಾರೆ: "ಸಣ್ಣ ಮಕ್ಕಳನ್ನು ತಾಯಂದಿರು ಕೈಹಿಡಿದು ತಂದು ಬಿಡ್ತಾರೆ. ಗೇಟಿನಲ್ಲಿ ದಿನಾ ಸಿಗ್ತಾರೆ. ಐದನೇ ಕ್ಲಾಸು ಬಂದ ಕೂಡಲೇ ಮಕ್ಕಳು, ನೀನು ಬರ್ಬೇಡ, ನಾನೇ ಹೋಗ್ತೇನೆ ಅಂತಾರೆ. ಮಕ್ಕಳೂ ಹೇಳುವುದಿಲ್ಲ, ಶಾಲೆಯೂ ಹೇಳುವುದಿಲ್ಲ. ಅಲ್ಲಿಂದ ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ."

ಅವರ ಊರು ಕಾರ್ಕಳದ ಹತ್ತಿರ. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದಾರೆ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದ ಜಯಶೀಲರನ್ನು ಮದುವೆಯಾಗಿ ಠಾಣೆಗೆ ಬಂದರು. ಸಾಲುಮನೆಗಳ ಚಾಳಿನಲ್ಲಿ ಒಂದು ಕೋಣೆಯ ಖೋಲಿ, ತಡವಾಗಿ ಹುಟ್ಟಿದ ಒಬ್ಬನೇ ಮಗ ಅಕ್ಷಿತ್. ಎರಡು ಸಾವಿರದ ಒಂದರಲ್ಲಿ ಕಾರ್ಖಾನೆ ಮುಚ್ಚಿತು. ಜಯಶೀಲ ಸ್ವಲ್ಪ ಕಾಲ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಬಳಿ ಊರಿನವರೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕುಳಿತರು. ಅಲ್ಲೇ ವಾಸ, ವಾರಕ್ಕೊಮ್ಮೆ ಮನೆ. ಆಗ ಪುಷ್ಪಾವತಿ ಶಾಲೆಯ ಕೆಲಸಕ್ಕೆ ಸೇರಿದರು.

"ಕಾರ್ಖಾನೆಯ ಸೈರನ್ ನಿಂತಿತು. ಶಾಲೆಯ ಗಂಟೆ ಶುರುವಾಯ್ತು" ಎಂದು ಅವರು ಅದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಮಗನನ್ನು ಮಾತ್ರ ಆ ಶಾಲೆಗೆ ಹಾಕಲಿಲ್ಲ. ಅವನು ಅದಾಗಲೇ ಹತ್ತಿರದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿದ್ದ. ಹೊಟ್ಟೆಬಟ್ಟೆ ಕಟ್ಟಿಯಾದರೂ ಅಲ್ಲೇ ಓದಿಸಬೇಕು ಎಂಬುದು ಗಂಡ ಹೆಂಡತಿಯ ಹಟ. ಕನ್ನಡ ಶಾಲೆಯ ಅನ್ನ ಉಂಡು ಮಗನಿಗೆ ಇಂಗ್ಲಿಷ್ ಶಾಲೆಯೇ ಎಂದು ಕೆಲವರು ಕೇಳಿದ್ದುಂಟು. ಆ ಪ್ರಶ್ನೆಯಿಂದ ಅವರು ತಪ್ಪಿಸಿಕೊಳ್ಳುವುದಿಲ್ಲ. "ಹೌದು, ಹಾಕಿದೆ. ಅದಕ್ಕೇ ಈಗ ಮಕ್ಕಳನ್ನು ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕುವವರಿಗೆ ನಾನು ಏನೂ ಹೇಳುವುದಿಲ್ಲ. ಅವರ ಹೆದರಿಕೆ ನನಗೆ ಗೊತ್ತುಂಟು" ಎನ್ನುತ್ತಾರೆ.

ಆರಂಭದ ವರ್ಷಗಳಲ್ಲಿ ಅವರು ಮನೆಗಳಿಗೆ ಹೋಗುತ್ತಿದ್ದುದು ಮೇಲಿನವರು ಕಳಿಸಿದಾಗ ಮಾತ್ರ. ಕಳಿಸುತ್ತಿದ್ದುದು ದೂರಿಗೆ. ಹುಡುಗ ಮೂರು ದಿನದಿಂದ ಬಂದಿಲ್ಲ, ಹುಡುಗಿ ಹೋಂವರ್ಕ್ ಮಾಡುವುದಿಲ್ಲ, ಯೂನಿಫಾರ್ಮ್ ಸರಿಯಿಲ್ಲ, ನಾಳೆ ತಂದೆಯನ್ನು ಕರೆದುಕೊಂಡು ಬರಬೇಕು. ಹೋಗುತ್ತಿದ್ದರು, ಹೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದರು, ಬರುತ್ತಿದ್ದರು. ಪೋಷಕರ ಸಭೆ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಖಾಲಿ ಕುರ್ಚಿಗಳೇ ಹೆಚ್ಚು. "ಈ ಜನಕ್ಕೆ ಮಕ್ಕಳ ಮೇಲೆ ಆಸಕ್ತಿಯೇ ಇಲ್ಲ" ಎಂದು ಶಿಕ್ಷಕರ ಕೋಣೆಯಲ್ಲಿ ಯಾರಾದರೂ ನಿಟ್ಟುಸಿರಿಡುವಾಗ, ಚಾ ಲೋಟ ಎತ್ತುತ್ತ ಪುಷ್ಪಾವತಿಯೂ ಹೌದೆಂದು ತಲೆಯಾಡಿಸಿದ್ದುಂಟು.

ಅದೆಲ್ಲ ಬದಲಾದದ್ದು ಒಂದು ಬೆಳಿಗ್ಗೆ, ಚಾಳಿನ ನಲ್ಲಿಯ ಹತ್ತಿರ. ಎರಡು ಸಾವಿರದ ಆರನೇ ಇಸವಿ. ಅಕ್ಷಿತ್ ಆಗ ಆರನೇ ತರಗತಿ. ಪಕ್ಕದ ಖೋಲಿಯ ಶರ್ಮಿಳಾರ ಮಗಳೂ ಅವನ ತರಗತಿಯಲ್ಲೇ ಇದ್ದಳು. ಕೊಡ ತುಂಬುತ್ತಿದ್ದಂತೆ ಶರ್ಮಿಳಾ ಕೇಳಿದರು:

"ಎಂತ ಪುಷ್ಪಕ್ಕ, ಮೊನ್ನೆ ಬರ್ಲೇ ಇಲ್ಲ? ನಿಮ್ಮ ಅಕ್ಷಿತ್ ಸ್ಟೇಜಿನಲ್ಲಿ ಎಷ್ಟು ಚಂದ ಮಾತಾಡಿದ ಗೊತ್ತುಂಟಾ? ಎಲ್ಲರ ಅಪ್ಪ ಅಮ್ಮ ಬಂದಿದ್ರು."

ಪುಷ್ಪಾವತಿಗೆ ಏನೂ ಗೊತ್ತಿರಲಿಲ್ಲ. ಕಾರ್ಯಕ್ರಮವಿದ್ದದ್ದೂ ಗೊತ್ತಿಲ್ಲ, ಮಗ ಮಾತಾಡಿದ್ದೂ ಗೊತ್ತಿಲ್ಲ. "ಡ್ಯೂಟಿ ಇತ್ತು" ಎಂದು ಸುಳ್ಳು ಹೇಳಿ ಕೊಡ ಎತ್ತಿಕೊಂಡರು. ನೀರು ತುಳುಕಿ ಸೀರೆಯೆಲ್ಲ ಒದ್ದೆಯಾದದ್ದು ಖೋಲಿಗೆ ಬಂದ ಮೇಲೆಯೇ ಗಮನಕ್ಕೆ ಬಂತು.

ಮನೆಯಲ್ಲಿ ಅವರ ಮಾತು ತುಳು, ಮಗನ ಉತ್ತರ ಹಿಂದಿ. ಇದು ಅವನು ಶಾಲೆಗೆ ಹೋಗತೊಡಗಿದಾಗಿನಿಂದ ನಡೆದುಬಂದದ್ದು. ಅಂದು ಸಂಜೆ ಕೇಳಿದಾಗ ಅವನು ತಟ್ಟೆಯಿಂದ ತಲೆಯೆತ್ತದೆ, "ತೂ ಬೋರ್ ಹೋ ಜಾತೀ ಮಮ್ಮಿ. ಸಬ್ ಇಂಗ್ಲಿಷ್ ಮೇ ಥಾ" ಎಂದ. ಎಲ್ಲ ಇಂಗ್ಲಿಷಿನಲ್ಲಿತ್ತು, ನಿನಗೆ ಬೇಸರವಾಗುತ್ತಿತ್ತು, ಅಷ್ಟೇ. ಹಿಂದಿನ ಸಭೆಗಳಿಗೂ ಯಾಕೆ ಕರೆಯಲಿಲ್ಲ ಎಂದರೆ ಅದಕ್ಕೂ ಅದೇ ಉತ್ತರ. ಸಭೆಗಳೇ ಇಲ್ಲದ ಶಾಲೆ ಎಂದು ಅವರು ಅಲ್ಲಿಯವರೆಗೂ ನಂಬಿದ್ದರು.

ಮರುದಿನ ಅರ್ಧ ದಿನ ರಜೆ ಹಾಕಿ ಮಗನ ಶಾಲೆಗೆ ಹೋದರು. ಗೇಟಿನಲ್ಲಿ ವಾಚ್‌ಮನ್ ತಡೆದು, ಯಾರು, ಯಾಕೆ, ಅಪಾಯಿಂಟ್‌ಮೆಂಟ್ ಇದೆಯೇ ಎಂದು ವಿಚಾರಿಸಿದ. ಅದೇ ಪ್ರಶ್ನೆಗಳನ್ನು ಅವರು ತಮ್ಮ ಶಾಲೆಯ ಗೇಟಿನಲ್ಲಿ ಎಷ್ಟು ಜನರಿಗೆ ಕೇಳಿದ್ದರೋ! ಬಿಸಿಲಲ್ಲಿ ನಿಂತು ಕಾದರು. ಒಳಗೆ ಹೋಗಲು ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗಲಿಲ್ಲ. ತರಗತಿಯ ಶಿಕ್ಷಕಿ ಬಂದರು, ನಗುಮುಖದವರು. ಅಕ್ಷಿತ್‌ನ ತಾಯಿ ಎಂದು ಗೊತ್ತಾದಾಗ ಆ ಮುಖ ಇನ್ನಷ್ಟು ಅರಳಿತು.

"ಆಪ್ ಭೀ ತೋ ಟೀಚರ್ ಹೈ ನಾ? ಅಕ್ಷಿತ್ ನೇ ಬತಾಯಾ ಥಾ."

ನೀವೂ ಶಿಕ್ಷಕಿಯಲ್ಲವೇ, ಅಕ್ಷಿತ್ ಹೇಳಿದ್ದ.

ಆ ಗಳಿಗೆಯನ್ನು ಪುಷ್ಪಾವತಿ ಹೀಗೆ ಹೇಳುತ್ತಾರೆ: "ಹೌದು ಅಂದ್ರೆ ಮಗನ ಮಾನ ಉಳೀತಿತ್ತು. ಅಲ್ಲ ಅಂದ್ರೆ ಅವನು ಸುಳ್ಳುಗಾರ ಆಗ್ತಾನೆ. ಆದ್ರೆ ಹೌದು ಅಂದ್ರೆ ಇನ್ನು ಮುಂದೆ ನಾನು ಆ ಗೇಟಿನ ಒಳಗೆ ಬರುವ ಹಾಗೇ ಇಲ್ವಲ್ಲ? ಪ್ರತಿ ಸಲ ಟೀಚರ್ ವೇಷ ಹಾಕಿ ಬರ್ಬೇಕು."

"ನಹೀ ಮೇಡಂ" ಎಂದರು. "ಮೈ ಆಯಾ ಹೂಂ. ಸ್ಕೂಲ್ ಕೀ ಘಂಟೀ ಬಜಾತೀ ಹೂಂ."

ನಾನು ಶಿಕ್ಷಕಿಯಲ್ಲ, ಆಯಾ, ಶಾಲೆಯ ಗಂಟೆ ಬಾರಿಸುವವಳು. ಶಿಕ್ಷಕಿ ಕುರ್ಚಿ ಎಳೆದು ಕೂರಿಸಿದರು. ಅಕ್ಷಿತ್ ಎಷ್ಟು ಚೆನ್ನಾಗಿ ಮಾತಾಡುತ್ತಾನೆ, ಗಣಿತದಲ್ಲಿ ಎಲ್ಲಿ ಎಡವುತ್ತಾನೆ, ಯಾರ ಜೊತೆ ಕೂರುತ್ತಾನೆ ಎಲ್ಲ ಹೇಳಿದರು. ಎದ್ದು ಹೊರಡುವಾಗ ಇನ್ನೊಂದು ಮಾತೂ ಹೇಳಿದರು. ಬೇಕೆಂದು ನೋಯಿಸಲು ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದು: ನೀವು ಒಮ್ಮೆಯೂ ಬರಲಿಲ್ಲವಲ್ಲ, ಮನೆಯಲ್ಲಿ ಯಾರಿಗೂ ಆಸಕ್ತಿ ಇಲ್ಲವೇನೋ ಅಂದುಕೊಂಡಿದ್ದೆವು.

"ನಮ್ಮ ಸ್ಟಾಫ್ ರೂಮಿನ ಮಾತೇ ಅದು. ಭಾಷೆ ಮಾತ್ರ ಬೇರೆ" ಎನ್ನುತ್ತಾರೆ ಪುಷ್ಪಾವತಿ. "ದಾರಿಯುದ್ದಕ್ಕೂ ನಾನು ದೂರು ಹೇಳಿ ಬಂದ ಮನೆಗಳೇ ಕಣ್ಣಿಗೆ ಬಂದವು."

ಆ ಸಂಜೆ ಮಗನಿಗೆ ಬೈಯಲಿಲ್ಲ. ನಿನ್ನ ಟೀಚರಿಗೆ ನಾನು ಯಾರೆಂದು ಹೇಳಿ ಬಂದಿದ್ದೇನೆ ಎಂದರು, ಅಷ್ಟೇ. ಹುಡುಗ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಮುಂದಿನ ದಿನಗಳಲ್ಲಿ ಹಿಂದಿಯಲ್ಲೂ ಮಾತಿಲ್ಲ. ಭಾನುವಾರ ಕಳಂಬೋಲಿಯಿಂದ ಜಯಶೀಲ ಬಂದರು. ಹೆಂಡತಿ ಅಳುತ್ತ ಎಲ್ಲ ಹೇಳಿದರೆ ಅವರು ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡು, "ಕಾರ್ಖಾನೆ ಮುಚ್ಚಿದ್ದನ್ನು ನಾನು ಊರಿನಲ್ಲಿ ಅಪ್ಪನಿಗೆ ಎಷ್ಟು ವರ್ಷ ಹೇಳಿರ್ಲಿಲ್ಲ? ಪ್ರಮೋಷನ್ ಆಯ್ತು ಅಂತಾನೂ ಬರೆದಿದ್ದೆ. ಅವನು ನನ್ನ ಮಗನೇ ಅಲ್ವಾ?" ಎಂದರು. ಚಾದರದೊಳಗಿನಿಂದ ಹುಡುಗ ಆ ಮಾತು ಕೇಳಿಸಿಕೊಂಡಿರಬೇಕು. ಅಂದು ಅಪ್ಪನ ಪಕ್ಕದಲ್ಲಿ ಕೂತು ಊಟ ಮಾಡಿದ.

ತಿಂಗಳು ಕಳೆದಿರಬಹುದು. ಪುಷ್ಪಾವತಿ ಬಟ್ಟೆ ಮಡಚುತ್ತಿದ್ದರು. ಅಕ್ಷಿತ್ ಬಾಗಿಲಲ್ಲಿ ನಿಂತು, "ಶನಿವಾರ್ ಕೋ ಮೀಟಿಂಗ್ ಹೈ. ದಸ್ ಬಜೇ" ಎಂದ. ಶನಿವಾರ ಹತ್ತು ಗಂಟೆಗೆ ಸಭೆ. ಆಮೇಲೆ, ವರ್ಷಗಳ ನಂತರ ಮೊದಲ ಬಾರಿಗೆ, ತುಳುವಿನಲ್ಲಿ ಕೇಳಿದ: "ಬರ್ಪನಾ?" ಬರುತ್ತೀಯಾ ಎಂದು.

ಹೋದರು. ಹುಡುಗ ದಾರಿಯಲ್ಲಿ ಹತ್ತು ಹೆಜ್ಜೆ ಮುಂದೆಯೇ ನಡೆದ. ಆದರೆ ಗೇಟಿನ ಹತ್ತಿರ ನಿಂತು, ತಾಯಿ ಬರುವವರೆಗೂ ಕಾದ.

ತಮಗಾದದ್ದನ್ನು ತಮ್ಮೊಳಗೇ ಇಟ್ಟುಕೊಂಡು ಪುಷ್ಪಾವತಿ ಸುಮ್ಮನಿರಬಹುದಿತ್ತು. ಅವರು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದರು. ಎಲ್ಲರೂ ಮುಕ್ತಾ ಟೀಚರ್ ಎಂದು ಕರೆಯುವ ಅವರು ಉಡುಪಿಯವರು. ನಿವೃತ್ತರಾಗಿ ಈಗ ಡೊಂಬಿವಿಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ದಿನ ಅವರಿಗೆ ಚೆನ್ನಾಗಿ ನೆನಪಿದೆ.

"ಬಾಗಿಲಲ್ಲಿ ನಿಂತಳು. ಟೀಚರ್, ನನ್ನನ್ನು ದೂರು ಹೇಳ್ಲಿಕ್ಕೆ ಕಳಿಸ್ತೀರಲ್ಲ, ಒಂದು ಸಲ ಒಳ್ಳೇದು ಹೇಳ್ಲಿಕ್ಕೂ ಕಳಿಸಿ ಅಂದಳು. ಎಂತ ಒಳ್ಳೇದು ಅಂತ ಕೇಳಿದೆ. ಎಂತಾದ್ರೂ, ಇದ್ದದ್ದು, ಸುಳ್ಳು ಬೇಡ ಅಂದಳು. ನನಗೆ ತಕ್ಷಣಕ್ಕೆ ಒಂದೂ ಹೊಳೀಲಿಲ್ಲ. ಅದೇ ನನಗೆ ನಾಚಿಕೆ ತಂದದ್ದು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಮಕ್ಕಳನ್ನು ಪ್ರೀತಿಸ್ಲಿಲ್ಲ ಅಂತ ಅಲ್ಲ. ಒಳ್ಳೇದನ್ನು ಮನೆಗೆ ಹೇಳಿ ಕಳಿಸ್ಬೇಕು ಅಂತ ತೋಚಿಯೇ ಇರ್ಲಿಲ್ಲ."

ಮೊದಲ ಒಳ್ಳೆಯ ಸುದ್ದಿ ಹೋದದ್ದು ಶರಣಬಸಮ್ಮನ ಮನೆಗೆ. ಕಲಬುರಗಿ ಕಡೆಯವರು, ಕಟ್ಟಡದ ಕೆಲಸಕ್ಕೆ ಹೋಗುವವರು. ಮಗ ಐದನೇ ತರಗತಿಯಲ್ಲಿದ್ದ, ಜಗಳಗಂಟ ಎಂದು ಹೆಸರಾದವನು. ಆ ಹುಡುಗ ಈಗ ಶಹಾಡ್‌ನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಶರಣಬಸಮ್ಮ ಆ ದಿನವನ್ನು ಮರೆತಿಲ್ಲ.

"ಸಾಲಿ ಕಡಿಂದ ಯಾರರ ಬಂದ್ರ ನನ್ನ ಎದಿ ಧಸಕ್ ಅಂತಿತ್ರಿ. ಹುಡುಗ ಯಾರನ್ನರ ಬಡದಾನ, ಇಲ್ಲಾ ಬಡಿಸ್ಕೊಂಡಾನ. ಈ ಅಕ್ಕಾರು ಬಂದು, ನಿಮ್ಮ ಮಗ ಪ್ರಾರ್ಥನಾದಾಗ ಚಂದ ಹಾಡ್ಯಾನ ಅಂದ್ರು. ನಾ ಅಂದೆ, ಮುಂದ ಹೇಳ್ರಿ, ಮತ್ತೇನ್ ಮಾಡ್ಯಾನ? ಏನಿಲ್ಲ, ಇಷ್ಟ ಹೇಳಾಕ ಬಂದೀನಿ ಅಂದ್ರು. ನಾ ಅಲ್ಲೇ ಕುಂತು ಅತ್ತಬಿಟ್ಟೆ ನೋಡ್ರಿ."

ಆ ವಾರವೇ ಶರಣಬಸಮ್ಮ ಶಾಲೆಗೆ ಬಂದರು. ಯಾರೂ ಕರೆದಿರಲಿಲ್ಲ. ಮಗ ಹೇಗೆ ಹಾಡುತ್ತಾನೆಂದು ನೋಡಬೇಕಿತ್ತು, ಅಷ್ಟೇ. ಪ್ರಾರ್ಥನೆ ಮುಗಿಯುವವರೆಗೆ ಗೇಟಿನ ಸರಳು ಹಿಡಿದು ನಿಂತಿದ್ದು, ಕೆಲಸಕ್ಕೆ ಹೋದರು.

ಸಭೆಯ ಹೊತ್ತು ಬದಲಾದ ಕತೆಯೂ ಇದಕ್ಕೇ ಅಂಟಿಕೊಂಡದ್ದು. ಅದು ತಮ್ಮ ಯೋಚನೆಯಲ್ಲ ಎಂದು ಪುಷ್ಪಾವತಿ ಖಚಿತವಾಗಿ ಹೇಳುತ್ತಾರೆ. ಒಬ್ಬ ಹೋಟೆಲಿನವರು ಹಿಂಬಾಗಿಲಲ್ಲಿ ನಿಂತು ಹೇಳಿದ್ದು: "ಶನಿವಾರ ಹತ್ತು ಗಂಟೆಗೆ ನಾನು ಬಂದ್ರೆ ಇಲ್ಲಿ ಇಡ್ಲಿ ಯಾರು ಇಳಿಸುವುದು? ಮಧ್ಯಾಹ್ನ ಮೂರರಿಂದ ನಾಲ್ಕೂವರೆ ನಮಗೆ ಸುಟ್ಟಿ, ಕೆಲಸ ಇಲ್ಲ. ಆಗ ಕರೀರಿ, ಓಡಿ ಬರ್ತೇವೆ." ಪುಷ್ಪಾವತಿ ಆ ಮಾತನ್ನು ಅವರು ಹೇಳಿದ ಹಾಗೇ ಮುಕ್ತಾ ಟೀಚರಿಗೆ ಮುಟ್ಟಿಸಿದರು. ಶಿಕ್ಷಕರಲ್ಲಿ ಗೊಣಗಾಟವಾಯಿತು, ಅದಕ್ಕೂ ಕಾರಣವಿತ್ತು. ಕೆಲವರು ಕಲ್ಯಾಣಕ್ಕೆ, ಕೆಲವರು ಡೊಂಬಿವಿಲಿಗೆ ಹೋಗಬೇಕು. ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲು ಶುರುವಾಗುವ ಮೊದಲು ಹತ್ತದಿದ್ದರೆ ಬಾಗಿಲಲ್ಲೇ ನೇತಾಡಬೇಕು. ಕೊನೆಗೆ ತಿಂಗಳಿಗೆ ಒಂದು ದಿನ, ಮೂರೂಕಾಲಿಗೆ ಶುರು, ನಾಲ್ಕಕ್ಕೆ ಮುಕ್ತಾಯ ಎಂದು ಒಪ್ಪಂದವಾಯಿತು. ಮೊದಲ ಸಭೆಗೆ ಬಂದವರು ಬೆರಳೆಣಿಕೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಚು ಸಾಲದೆ ಪಕ್ಕದ ತರಗತಿಯಿಂದ ತರಬೇಕಾಯಿತು.

"ಆ ಕೋಣೆಯಲ್ಲಿ ಸಾಂಬಾರಿನ ಪರಿಮಳ" ಎಂದು ಮುಕ್ತಾ ಟೀಚರ್ ನಗುತ್ತಾರೆ. "ಮನೆಗೆ ಹೋದ್ರೆ ನನ್ನ ಸೀರೆಗೂ ಅದೇ."

ಎಲ್ಲವೂ ಸುಗಮವಾಗಿ ನಡೆದಿದೆ ಎಂದಲ್ಲ. ಮನೆಯವರಿಗೆ ಸುದ್ದಿ ಹೇಳುವುದು ಎಷ್ಟು ನಾಜೂಕಿನ ಕೆಲಸವೆಂದು ಪುಷ್ಪಾವತಿ ಪೆಟ್ಟು ತಿಂದೇ ಕಲಿತಿದ್ದಾರೆ. ಮನೆಯಲ್ಲಿ ಕುಡಿದು ಹೊಡೆಯುವವರಿದ್ದರೆ ಪರೀಕ್ಷೆಯ ಸುದ್ದಿ ತಾಯಿಗೆ ಮಾತ್ರ. ಚಾಳಿನ ನಡುವೆ ನಿಂತು ಯಾವ ಮಗುವಿನ ಹೆಸರನ್ನೂ ಎತ್ತುವುದಿಲ್ಲ. ಸಲಹೆ ಕೇಳಿದರೆ ಶಿಕ್ಷಕರತ್ತ ಕೈ ತೋರಿಸುತ್ತಾರೆ. "ನಾನು ಹೇಳುವುದು ಸುದ್ದಿ. ಬುದ್ಧಿ ಹೇಳ್ಲಿಕ್ಕೆ ನಾನು ಯಾರು?" ಎಂಬುದು ಅವರ ಮಾತು. ಆದರೂ ಮಕ್ಕಳು ಕಡಿಮೆಯಾಗುತ್ತಲೇ ಇದ್ದಾರೆ. ಪ್ರತಿ ಜೂನ್‌ನಲ್ಲಿ ಹೊಸ ಮುಖಗಳಿಗಿಂತ ಬಿಟ್ಟುಹೋದ ಮುಖಗಳು ಹೆಚ್ಚು. ಬಿಟ್ಟುಹೋಗುವವರ ಮನೆಗೂ ಅವರು ಕೊನೆಯ ಬಾರಿ ಒಮ್ಮೆ ಹೋಗುತ್ತಾರೆ. ತಡೆಯುವುದಕ್ಕಲ್ಲ. "ಹೊಸ ಶಾಲೆಯ ಸಭೆಗೆ ತಪ್ಪದೆ ಹೋಗಿ. ಇಂಗ್ಲಿಷ್ ಬರುವುದಿಲ್ಲ ಅಂತ ಮನೆಯಲ್ಲಿ ಕೂರ್ಬೇಡಿ. ಅಲ್ಲಿಯೂ ಕುರ್ಚಿ ಕೊಡ್ತಾರೆ" ಎಂದು ಹೇಳುವುದಕ್ಕೆ.

ಮೂರು ಗಂಟೆ. ಶಾಲೆಯ ಮೇಲಿನ ಮಹಡಿಯ ಕೋಣೆಯಲ್ಲಿ ಬೆಂಚುಗಳು ಒಂದೊಂದಾಗಿ ತುಂಬುತ್ತಿವೆ. ಶರ್ಟಿನ ಮೇಲೆ ಹೋಟೆಲಿನ ಹೆಸರಿರುವವರು, ಆಫೀಸಿನಿಂದ ಅರ್ಧ ಗಂಟೆ ಕೇಳಿಕೊಂಡು ಬಂದವರು, ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಂದಿರು. ತುಳು, ಕುಂದಾಪುರದ ಮಾತು, ಕಲಬುರಗಿಯ ಮಾತು, ನಡುನಡುವೆ ಮರಾಠಿ. ಪುಷ್ಪಾವತಿ ಕೆಳಗೆ ಚಾ ಕುದಿಸುತ್ತಿದ್ದಾರೆ. ಮೆಟ್ಟಿಲಿನಲ್ಲಿ ಕಾಲಸಪ್ಪಳವಾದಾಗೆಲ್ಲ ಕಣ್ಣು ಅತ್ತ ಹೋಗುತ್ತದೆ. ಕಮಲಾಕ್ಷರ ಪತ್ತೆಯಿಲ್ಲ.

ಅವರು ಬರಲೇಬೇಕೆಂದು ಪುಷ್ಪಾವತಿ ಬಯಸಲು ಕಾರಣವಿದೆ. ಏಳನೇ ತರಗತಿ ಮುಗಿದ ಮೇಲೆ ಸೌಜನ್ಯಳನ್ನು ಊರಿಗೆ, ಸೋದರತ್ತೆಯ ಮನೆಗೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಈ ಶಾಲೆಯಲ್ಲಿ ಹೈಸ್ಕೂಲಿಲ್ಲ. ಖೋಲಿ ಸಣ್ಣದು, ಹುಡುಗಿ ದೊಡ್ಡವಳಾಗುತ್ತಿದ್ದಾಳೆ. ಆ ಮಾತು ಕಿವಿಗೆ ಬಿದ್ದಂದಿನಿಂದ ಹುಡುಗಿ ತರಗತಿಯಲ್ಲಿ ಮೌನವಾಗಿದ್ದಳು. ಗಣಿತದ ಶಿಕ್ಷಕಿ ಶ್ರೀವಾಣಿ ಕಾರಣ ಕೇಳಿ ಕೇಳಿ ಸೋತು, ಕೊನೆಗೆ ನಿನ್ನೆ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟು ತಾವು ಹಿಂದೆ ಹೋಗಿ ಕುಳಿತಿದ್ದರು. ಆಗ ಬಂದ ಮಾತು ಗಂಟೆ ಬಾರಿಸುವವರೆಗೂ ನಿಲ್ಲಲಿಲ್ಲ.

ಸಭೆ ಅರ್ಧ ಮುಗಿದಾಗ ಕಮಲಾಕ್ಷ ಬಂದರು. ಅಂಗಿ ಬದಲಾಯಿಸಿದ್ದಾರೆ, ಕೂದಲು ಒದ್ದೆ ಮಾಡಿ ಬಾಚಿದ್ದಾರೆ. ಒಳಗೆ ಬರದೆ ಬಾಗಿಲಿನ ಹೊರಗೇ ನಿಂತರು. ಪುಷ್ಪಾವತಿ ಚಾ ತಟ್ಟೆ ಹಿಡಿದು ಮೇಲೆ ಬಂದವರು ಅವರನ್ನು ಕಂಡೂ ಒಳಗೆ ಬನ್ನಿ ಎನ್ನಲಿಲ್ಲ. ಶ್ರೀವಾಣಿ ಟೀಚರಿಗೆ ಕಣ್ಣಲ್ಲೇ ತೋರಿಸಿದರು. ಟೀಚರ್ ಎದ್ದು ಹೊರಗೆ ಬಂದರು. ಇಬ್ಬರೂ ಜಗಲಿಯ ಕಟ್ಟೆಗೆ ಒರಗಿ ನಿಂತು ಮಾತಾಡಿದರು.

"ಲೆಕ್ಕದಲ್ಲಿ ಅಷ್ಟು ಚುರುಕಾ ಅವಳು?"

"ನಾನು ಹೇಳುವುದಕ್ಕಿಂತ ಅವಳು ಹೇಳಿದ್ರೆ ಮಕ್ಕಳಿಗೆ ಬೇಗ ಅರ್ಥ ಆಗ್ತದೆ. ಹೈಸ್ಕೂಲು ಊರಿನಲ್ಲಾದ್ರೂ ಸರಿ, ಇಲ್ಲಾದ್ರೂ ಸರಿ. ಅದು ನಿಮ್ಮ ಮನೆಯ ವಿಚಾರ. ಆದ್ರೆ ಅವಳು ಯಾಕೆ ಸುಮ್ಮನಾಗಿದ್ದಳು ಅಂತ ಒಂದು ಸಲ ಅವಳ ಹತ್ರ ಕೇಳಿ."

"ಅವಳ ಅಮ್ಮನ ಹತ್ರ ಕೇಳಿದ್ದೆ, ನನ್ನ ಅಕ್ಕನ ಹತ್ರ ಕೇಳಿದ್ದೆ" ಎಂದರು ಕಮಲಾಕ್ಷ. "ಅವಳ ಹತ್ರವೇ ಕೇಳ್ಲಿಲ್ಲ."

ಆಮೇಲೆ ಒಳಗೆ ಬಂದು ಕೊನೆಯ ಬೆಂಚಿನ ತುದಿಯಲ್ಲಿ ಕುಳಿತರು. ಸಭೆ ಮುಗಿದ ಮೇಲೂ ಹೋಗಲಿಲ್ಲ, ಮಗಳ ತರಗತಿ ಬಿಡುವವರೆಗೆ ಗೇಟಿನಲ್ಲಿ ನಿಂತಿದ್ದರು. ಅಪ್ಪನನ್ನು ಕಂಡ ಸೌಜನ್ಯ ಮೊದಲು ಹೆದರಿದಳು. ಆಮೇಲೆ ಇಬ್ಬರೂ ಹೋಟೆಲಿನ ದಿಕ್ಕಿನಲ್ಲಿ ನಡೆದರು. ಅವಳು ಕೈಯಾಡಿಸಿ ಏನೋ ಹೇಳುತ್ತಿದ್ದಳು, ಅವರು ತಲೆ ಬಗ್ಗಿಸಿ ಕೇಳುತ್ತಿದ್ದರು. ಊರಿಗೆ ಕಳಿಸುವ ತೀರ್ಮಾನ ಏನಾಗುತ್ತದೆಂದು ಪುಷ್ಪಾವತಿಗೆ ಗೊತ್ತಿಲ್ಲ. ಕೇಳಲು ಹೋಗುವುದೂ ಇಲ್ಲ. "ಅವರು ಹೇಳಿದ್ರೆ ಕೇಳ್ತೇನೆ" ಎನ್ನುತ್ತ ಚಾ ಲೋಟ ಒಟ್ಟು ಮಾಡುತ್ತಾರೆ.

ಈಗ ಶಾಲೆಯಲ್ಲಿ ಮೊಬೈಲಿನಿಂದ ಎಲ್ಲ ಪೋಷಕರಿಗೂ ಒಟ್ಟಿಗೆ ಸಂದೇಶ ಕಳಿಸುವ ವ್ಯವಸ್ಥೆ ಬಂದಿದೆ. ಮಾಡಿಕೊಟ್ಟದ್ದು ಅಕ್ಷಿತ್. ಠಾಣೆಯ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ಆ ಕೆಲಸಕ್ಕಾಗಿ ತಾಯಿಯ ಶಾಲೆಗೆ ಒಂದು ವಾರ ಬಂದು ಹೋಗಿದ್ದಾನೆ. ಕನ್ನಡ ಮಾತಾಡಲು ತಡವರಿಸುವ ಅವನು, ಅವನ ವಯಸ್ಸಿನ ಶಿಕ್ಷಕಿಯೊಬ್ಬರು ಯಾರು ನೀವು ಎಂದಾಗ, "ಪುಷ್ಪಾವತಿಯ ಮಗ" ಎಂದು ಮಾತ್ರ ಸರಾಗವಾಗಿ ಹೇಳಿದನಂತೆ. ಇದನ್ನು ಹೇಳಿದವರು ಆ ಶಿಕ್ಷಕಿ. ಪುಷ್ಪಾವತಿ ಹೇಳಿಲ್ಲ.

ಸಂದೇಶ ಬಂದ ಮೇಲೆ ನಿಮ್ಮ ಕೆಲಸ ಹೋಯಿತಲ್ಲ ಎಂದು ಕೆಲವರು ಕನಿಕರಪಡುತ್ತಾರೆ. ಅವರಿಗೆ ಅಂಥ ಬೇಸರವಿಲ್ಲ. "ಒಳ್ಳೇದೇ ಆಯ್ತು. ಸಭೆಯ ದಿನ, ರಜೆಯ ದಿನ ಎಲ್ಲ ಫೋನಿನಲ್ಲಿ ಹೋಗ್ಲಿ. ಮೊಣಕಾಲು ನೋವು ನನಗೆ. ಆದ್ರೆ ಕೆಲವು ಮಾತು ಹೇಳಿದ ಮೇಲೆ ಎದುರಿನವರ ಮುಖ ಸಣ್ಣದಾಗ್ತದೆ. ಆಗ ಅಲ್ಲಿ ಯಾರಾದ್ರೂ ನಿಂತಿರ್ಬೇಕು. ಅಂಥದ್ದಕ್ಕೆ ನಾನು ಹೋಗ್ತೇನೆ. ಕಡಿಮೆ ಆಗಿದೆ, ನಿಂತಿಲ್ಲ."

ನಿವೃತ್ತಿಗೆ ಇನ್ನು ಹೆಚ್ಚು ಕಾಲವಿಲ್ಲ. ಊರಿಗೆ ಹೋಗುತ್ತೀರಾ ಎಂದರೆ ಇಲ್ಲ ಎನ್ನುತ್ತಾರೆ, ಇದೇ ಊರು. ಶಾಲೆಯಿಂದ ಏನಾದರೂ ಆಗಬೇಕೇ ಎಂಬ ಪ್ರಶ್ನೆಗೆ ಮೊದಲು ಏನೂ ಬೇಡ ಎಂದು ಕೈಯಾಡಿಸುತ್ತಾರೆ. ತೊಳೆದ ಲೋಟಗಳನ್ನು ಮಗುಚಿ ಇಡುತ್ತ, ಆಮೇಲೆ ಒಂದು ಆಸೆಯುಂಟು ಎನ್ನುತ್ತಾರೆ.

"ಇಷ್ಟು ವರ್ಷ ಸಭೆಗೆ ಎಲ್ಲರನ್ನೂ ಕರೆದೆ. ಒಂದು ಸಭೆಯನ್ನೂ ಪೂರ್ತಿ ಕೇಳ್ಲಿಲ್ಲ. ಮೇಲೆ ಹೋದ್ರೆ ಕೆಳಗೆ ಹಾಲು ಉಕ್ಕುತ್ತದೆ. ರಿಟೈರ್ ಆದ ಮೇಲೆ ಒಂದು ದಿನ ನನ್ನನ್ನೂ ಕರೀಲಿ. ಚಾ ಕೊಡ್ಲಿಕ್ಕಲ್ಲ. ಕೂತು ಕೇಳ್ಲಿಕ್ಕೆ."